3 ಗಂಟೆ 10 ನಿಮಿಷ

9 ಮಾರ್ಚ್ 2025, ಭಾನುವಾರ

ಮಾಸ್ಕ್ ಇವತ್ತೂ ದಿಂಬಿನ ಕೆಳಗೆ ಸಿಕ್ಕಿತು. ಯಾವಾಗ ಕಿತ್ತು ಹಾಕಿದೆನೋ ನೆನಪೇ ಇಲ್ಲ. ನನಗಿರೋದು ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ; ಮಾಸ್ಕಿನಿಂದ ಗಾಳಿ ಒತ್ತಿ ಗಂಟಲು ತೆರೆದಿಡುವ ಮೆಷಿನ್ನೇ ಸಿಪ್ಯಾಪ್. ಅದರ ಲೆಕ್ಕ ಮಾತ್ರ ಪಕ್ಕಾ: ಮಾಸ್ಕ್ ಹಾಕಿಕೊಂಡದ್ದು 3 ಗಂಟೆ 10 ನಿಮಿಷ. "ಎರಡೂವರೆಗೇ ಗೊರಕೆ ಶುರು ಮಾಡಿದ್ದೆ," ಅಂದರು ಇವರು. ಪಾಪ, ಅಭ್ಯಾಸವಾಗಿದೆ.

ಮೆಷಿನ್ ಬಂದು ಹನ್ನೆರಡು ದಿನ. ಒಂದು ರಾತ್ರಿಯೂ ನಾಲ್ಕು ಗಂಟೆ ದಾಟಿಲ್ಲ.

ಬೇಜಾರಾಗಿ ಸ್ಲೀಪ್ ಸ್ಟಡಿ ರಿಪೋರ್ಟ್ ಮತ್ತೆ ತೆಗೆದು ಕೂತೆ. ತಲೆಗೆಲ್ಲ ಅಂಟು ಮೆತ್ತಿಸಿಕೊಂಡು, ವೈರುಗಳ ನಡುವೆ ಮಲಗಿದ ರಾತ್ರಿಯದು. (ಆ ಅಂಟು ಹೋಗೋಕೆ ಮೂರು ಸಲ ತಲೆಗೆ ನೀರು ಹಾಕಬೇಕಾಯ್ತು.) ಅದರಲ್ಲಿ ಒಂದು ಪುಟ ನನ್ನನ್ನು ಬಿಡುತ್ತಲೇ ಇಲ್ಲ. ಮೂಗಿನ ಗಾಳಿಯ ಗೆರೆ 24 ಸೆಕೆಂಡು ಚಪ್ಪಟೆ. ಅದರ ಕೆಳಗೆ ಎದೆಗೂ ಹೊಟ್ಟೆಗೂ ಕಟ್ಟಿದ ಬೆಲ್ಟುಗಳ ಗೆರೆ ಏಳುತ್ತಾ ಬೀಳುತ್ತಾ ಇದೆ. ಅಂದರೆ ಉಸಿರೆಳೆಯೋಕೆ ಒದ್ದಾಡುತ್ತಿದ್ದೇನೆ, ಗಂಟಲು ಮುಚ್ಚಿಕೊಂಡಿದೆ. ಬೆರಳಿನ ಆಕ್ಸಿಜನ್ ಗೆರೆ ಸ್ವಲ್ಪ ತಡವಾಗಿ ಇಳಿಯುತ್ತದೆ. ರಕ್ತ ಶ್ವಾಸಕೋಶದಿಂದ ಬೆರಳ ತುದಿಗೆ ಬರಬೇಕಲ್ವಾ. ಆಮೇಲೆ ಮೆದುಳಿನ ಗೆರೆ ಒಮ್ಮೆ ಕದಡಿ, ಗಾಳಿ ನುಗ್ಗುತ್ತದೆ. ಇಷ್ಟೆಲ್ಲ ಆದದ್ದು ನನಗೆ ಗೊತ್ತೇ ಇಲ್ಲ. ಉಸಿರು 10 ಸೆಕೆಂಡಾದರೂ ನಿಂತರೆ ಲೆಕ್ಕಕ್ಕೆ ಒಂದು. ಪೂರ್ತಿ ನಿಲ್ಲದೆ ತೀರಾ ಕಮ್ಮಿಯಾಗಿ ಆಕ್ಸಿಜನ್ ಇಳಿದರೂ ಒಂದು. ಗಂಟೆಗೆ 30 ಮುಟ್ಟಿದರೆ ತೀವ್ರ ಅಂತಾರೆ. ನನ್ನದು 34.

ಮಧ್ಯಾಹ್ನ 2016ರ 'ಸೇವ್' ಅಧ್ಯಯನ ಓದಿದೆ. ಹೃದಯದ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಮೊದಲೇ ಇದ್ದ 2,717 ಜನ. ಸಿಪ್ಯಾಪ್ ಹಾಕಿಕೊಂಡವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಕಮ್ಮಿಯಾಗಲಿಲ್ಲವಂತೆ. ಆದರೆ ಹಗಲಿನ ತೂಕಡಿಕೆ ಇಳಿಯಿತು. ನಿಜ ಹೇಳ್ತೀನಿ, ಒಳಗೊಳಗೇ ಖುಷಿಯಾಯ್ತು. ಮೆಷಿನ್ ವಾಪಸ್ ಕೊಡೋಕೆ ನೆಪ ಸಿಕ್ಕಿತ್ತು. ಆಮೇಲೆ ಇನ್ನೊಂದು ಅಂಕಿ ಕಣ್ಣಿಗೆ ಬಿತ್ತು: ಅವರು ಮಾಸ್ಕ್ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಅವರೂ ನನ್ನ ಹಾಗೇ ಕಿತ್ತು ಹಾಕುವವರೇ!

ಇದರಲ್ಲಿ ಇನ್ನೊಂದು ಎಡವಟ್ಟಿದೆ. ಕನಸು ಜಾಸ್ತಿ ಬೀಳುವ ರೆಮ್ ನಿದ್ದೆ ಬೆಳಗಿನ ಜಾವದ ಕಡೆಗೇ ಹೆಚ್ಚು. ಆಗ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲ. ಬಹಳ ಜನಕ್ಕೆ ಉಸಿರು ಹೆಚ್ಚು ಕಟ್ಟೋದೂ ಆಗಲೇ. ನನ್ನ ರಿಪೋರ್ಟಿನಲ್ಲೂ ಬೆಳಗಿನ ಜಾವ ನಾಲ್ಕರ ನಂತರದ ಭಾಗ ಗರಗಸದ ಹಲ್ಲಿನ ಹಾಗಿದೆ. ನಾನು ಮೊದಲ ಮೂರು ಗಂಟೆ ಮಾಸ್ಕ್ ಹಾಕಿಕೊಂಡು, ಬೇಕಾದ ಹೊತ್ತಿಗೆ ತೆಗೆದು ಹಾಕುತ್ತಿದ್ದೇನೆ. ಛತ್ರಿ ಹಿಡಿದು ಹೊರಟು ಮಳೆ ಬಂದಾಗ ಮಡಚಿದ ಹಾಗೆ.

ಕಾಲಿನ್ ಸಲಿವನ್ ಅನ್ನೋ ವೈದ್ಯರು ಸಿಡ್ನಿಯಲ್ಲಿ ಈ ಸಿಪ್ಯಾಪ್ ಚಿಕಿತ್ಸೆ ಶುರು ಮಾಡಿ, 1981ರಲ್ಲಿ ಐದು ರೋಗಿಗಳ ವಿಷಯ ಪ್ರಕಟಿಸಿದರು. ಆಗೆಲ್ಲ ಮಾಸ್ಕನ್ನು ಮೂಗಿಗೆ ಅಂಟಿಸುತ್ತಿದ್ದರಂತೆ. ಅದಕ್ಕೂ ಮುಂಚೆ ತೀವ್ರವಾಗಿದ್ದವರಿಗೆ ಗಂಟಲಲ್ಲಿ ತೂತು ಕೊರೆಯೋದೇ ದಾರಿ. ನಾನು ಪಟ್ಟಿ ಬಿಗಿ ಅಂತ ಗೊಣಗುತ್ತಿದ್ದೇನೆ.

ಪಟ್ಟಿ ಒಂದು ಸುತ್ತು ಸಡಿಲ ಮಾಡಿದ್ದೇನೆ. ಗಾಳಿಗೆ ತೇವ ಕೊಡುವ ಡಬ್ಬಿಗೆ ನೀರು ತುಂಬಿಟ್ಟಿದ್ದೇನೆ. ಗೊರಕೆ ಕೇಳಿದ ತಕ್ಷಣ ಎಬ್ಬಿಸಿ ಅಂತ ಇವರಿಗೆ ಹೇಳಿದೆ. "ಬೈಬಾರದು ಮತ್ತೆ," ಅಂತ ಈಗಲೇ ಮಾತು ತಗೊಂಡಿದ್ದಾರೆ.