ಪಿನ್ ಕೋಡ್ ಪಟ್ಟಿ: ಅರೇ ಕೀಗಳ ಕೆಲಸ ಎಲ್ಲಿಗೆ ಬಂತು

ಮುಗಿದಿದ್ದು: ಪಿನ್ ಕೋಡ್, ಎಸ್‌ಟಿಡಿ ಕೋಡ್ ಎರಡನ್ನೂ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಫೈಲಿನಿಂದ ಓದಿ ಪಿಎಚ್‌ಪಿ ಭಾಷೆಯ ಅರೇಗೆ (ಪ್ರತಿ ಬೆಲೆಯನ್ನೂ ಕೀ ಎಂಬ ಗುರುತಿನಡಿ ಇಡುವ ಪಟ್ಟಿ) ತುಂಬುವ ಭಾಗ. ಓದುವುದು ಸಲೀಸು, ತೊಡಕೆಲ್ಲ ಕೀಯಲ್ಲಿ.

ಸಿಎಸ್‌ವಿಯಿಂದ ಬರುವುದೆಲ್ಲ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಆದರೆ "560001" ಅನ್ನು ಕೀ ಮಾಡಿದ ಕೂಡಲೇ ಅದು ಪೂರ್ಣಾಂಕವಾಗುತ್ತದೆ. ಬೆಂಗಳೂರಿನ "080" ಸ್ಟ್ರಿಂಗಾಗಿಯೇ ಉಳಿಯುತ್ತದೆ, ಮುಂದೆ ಸೊನ್ನೆ ಇದೆಯಲ್ಲ. ಒಂದು ಪೂರ್ಣಾಂಕವನ್ನು ಪಿಎಚ್‌ಪಿ ತಾನೇ ಪ್ರಿಂಟ್ ಮಾಡಿದರೆ ಹೇಗೆ ಕಾಣುತ್ತದೋ ಸ್ಟ್ರಿಂಗ್ ಥೇಟ್ ಹಾಗೇ ಇದ್ದರೆ ಮಾತ್ರ ಬದಲಾವಣೆ. ಹಾಗಾಗಿ "-5" ಬದಲಾಗುತ್ತದೆ. "+5", "-0", " 5" ಬದಲಾಗುವುದಿಲ್ಲ. ಕನ್ನಡ ಅಂಕಿಯ "೫೬೦೦೦೧" ಕೂಡ ಸ್ಟ್ರಿಂಗೇ. ಅಂದರೆ ಒಂದೇ ಪಿನ್‌ಗೆ ಎರಡು ಕೀ! ಓದುವ ಹಂತದಲ್ಲೇ ಎಸ್‌ಟಿಆರ್‌ಟಿಆರ್ (ಅಕ್ಷರ ಬದಲಿಸುವ ಫಂಕ್ಷನ್) ಹಾಕಿ ಅಂಕಿಗಳನ್ನು ಒಂದೇ ಲಿಪಿಗೆ ತಂದಿದ್ದಾಯಿತು.

ದೊಡ್ಡ ಏಟು ಬಿದ್ದಿದ್ದು ಅರೇಗಳನ್ನು ಸೇರಿಸುವ ಅರೇ_ಮರ್ಜ್ ಫಂಕ್ಷನ್‌ನಿಂದ. ಎರಡು ಜಿಲ್ಲೆಗಳ ಪಟ್ಟಿ ಸೇರಿಸಿದಾಗ ಪೂರ್ಣಾಂಕ ಕೀಗಳಿಗೆಲ್ಲ 0, 1, 2 ಎಂದು ಹೊಸ ನಂಬರ್ ಬೀಳುತ್ತದೆ. 560001, 570001 ಎಲ್ಲ ಮಾಯ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. "080", "0821" ಮಾತ್ರ ಹಾಗೇ ಇರುವುದರಿಂದ ಅರ್ಧ ಪಟ್ಟಿ ನೋಡಿದವರಿಗೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ಈಗ ಅಲ್ಲಿ ಅರೇ_ರಿಪ್ಲೇಸ್ ಇದೆ: ಕೀ ಉಳಿಯುತ್ತದೆ, ಎರಡೂ ಕಡೆ ಒಂದೇ ಕೀ ಇದ್ದರೆ ಬಲಗಡೆಯ ಬೆಲೆ ನಿಲ್ಲುತ್ತದೆ. + ಬಳಸಿದರೂ ಕೀ ಉಳಿಯುತ್ತದೆ, ಆದರೆ ಎಡಗಡೆಯದು ನಿಲ್ಲುತ್ತದೆ. ಹೊಸ ಫೈಲಿನ ತಿದ್ದುಪಡಿಗಳು ಗೆಲ್ಲಬೇಕಾದ್ದರಿಂದ + ಇಲ್ಲಿಗೆ ಹೊಂದುವುದಿಲ್ಲ.

ಸ್ಟ್ರಿಕ್ಟ್_ಟೈಪ್ಸ್ (ಟೈಪ್ ತಾನಾಗಿ ಬದಲಾಗದಂತೆ ತಡೆಯುವ ಸೆಟ್ಟಿಂಗ್) ಆನ್ ಇದ್ದಾಗ ಫೋರ್‌ಈಚ್ ಲೂಪ್‌ನಲ್ಲಿ ಸಿಕ್ಕ ಪೂರ್ಣಾಂಕ ಕೀಯನ್ನು ನೇರವಾಗಿ ಸ್ಟ್ರಿಂಗಿನ ಉದ್ದ ಅಳೆಯುವ ಎಸ್‌ಟಿಆರ್‌ಲೆನ್‌ಗೆ ಕೊಟ್ಟರೆ ಟೈಪ್‌ಎರರ್. ಮೊದಲು ಸ್ಟ್ರಿಂಗ್‌ಗೆ ಕಾಸ್ಟ್ ಮಾಡಬೇಕು (ಬದಲಿಸಬೇಕು).

ಉಳಿದ ಟೈಪ್‌ಗಳು ಈ ಪಟ್ಟಿಗೆ ಬರುವುದಿಲ್ಲ, ಆದರೂ ಟೆಸ್ಟ್ ಬರೆದಿದೆ. ಟ್ರೂ 1 ಆಗುತ್ತದೆ, ಫಾಲ್ಸ್ 0, ನಲ್ ಖಾಲಿ ಸ್ಟ್ರಿಂಗ್. 1.5 ದಶಾಂಶ ಕಳೆದುಕೊಂಡು 1 ಆಗುತ್ತದೆ, ಪಿಎಚ್‌ಪಿ 8.1ರಿಂದ ಇದಕ್ಕೆ ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ ಎಂಬ) ಸೂಚನೆ ಬರುತ್ತದೆ. ಹಾಗಾಗಿ 1, "1", 1.5, ಟ್ರೂ ನಾಲ್ಕಕ್ಕೂ ಒಂದೇ ಜಾಗ, ಕೊನೆಗೆ ಬರೆದದ್ದೇ ಉಳಿಯುವುದು. ಅರೇಯನ್ನೋ ಆಬ್ಜೆಕ್ಟನ್ನೋ ಕೀ ಮಾಡಲು ಹೋದರೆ 8.0ರಿಂದ ಟೈಪ್‌ಎರರ್.

ಬಾಕಿ: ಅಂಚೆ ಕಚೇರಿಗಳ ಮೊಬೈಲ್ ನಂಬರ್. ಹತ್ತು ಅಂಕಿಯ ಈ ನಂಬರುಗಳು 64 ಬಿಟ್ ಯಂತ್ರದಲ್ಲಿ ಪೂರ್ಣಾಂಕವಾಗುತ್ತವೆ, 32 ಬಿಟ್‌ನಲ್ಲಿ 2147483647ರ ಮಿತಿ ದಾಟಿ ಸ್ಟ್ರಿಂಗಾಗಿಯೇ ಉಳಿಯುತ್ತವೆ. ಆದ್ದರಿಂದ ಎರಡೂ ಕಡೆ ಸ್ಟ್ರಿಂಗಾಗಿಯೇ ಇರಲೆಂದು ಈ ಕೀಗಳಿಗೆಲ್ಲ ಮುಂದೆ "ಮೊ" ಸೇರಿಸುವುದು ಎಂದು ತೀರ್ಮಾನವಾಗಿದೆ.