ಸಿಸ್ಟ್ರಿಗೆ ಜ್ವರ ಬಂದಿತ್ತಾ?

ಕೋವಿಡ್ ಲಸಿಕೆಯ ವಯಲ್, ಅಂದರೆ ಪುಟ್ಟ ಸೀಸೆ, ಒಡೆದು ಅದರ ಮೇಲೆ ಪೆನ್ನಿನಲ್ಲಿ 10.40 ಅಂತ ಟೈಮ್ ಬರೆದೆ. ಅದು ನನ್ನ ಎರಡನೇ ತಪ್ಪು. ಮೊದಲನೆಯದು ಎರಡು ದಿನ ಮುಂಚೆಯೇ ಆಗಿಹೋಗಿತ್ತು.

2021ರ ಫೆಬ್ರವರಿ. ಆಸ್ಪತ್ರೆಯವರಾದ ನಮಗೆ ಜನವರಿ 16ರಿಂದಲೇ ಲಸಿಕೆ ಶುರುವಾಗಿತ್ತು. ಆಮೇಲೆ ಪೊಲೀಸರು, ಪೌರಕಾರ್ಮಿಕರ ಸರದಿ. ನಮ್ಮ ಸೆಷನ್ ಸೈಟ್ ಊರಿನ ಸಮುದಾಯ ಭವನ, ಕೊಟ್ಟಿದ್ದು ಕೋವಿಶೀಲ್ಡ್, ಲಿಸ್ಟ್‌ನಲ್ಲಿ 60 ಹೆಸರು. ಸರ್ಕಾರದ ಲಸಿಕೆ ಪೋರ್ಟಲ್ ಕೋವಿನ್‌ಗೆ ಹೆಸರು ಏರಿಸಿದ ಪುಣ್ಯಾತ್ಮರು ಎಷ್ಟೋ ಜನರಿಗೆ ಗುತ್ತಿಗೆದಾರನ ಮೊಬೈಲ್ ನಂಬರನ್ನೇ ಹಾಕಿದ್ದರು. ಮೆಸೇಜ್ ಅವನಿಗೆ ಹೋಗುತ್ತಿತ್ತು. ಅವನು ಊರಲ್ಲೇ ಇರಲಿಲ್ಲ.

ಸೋಮವಾರ 19 ಜನ ಬಂದರು. ಮೊದಲು ಕೂತದ್ದು ಅವರೆಲ್ಲ ದೊಡ್ಡಮ್ಮ ಅಂತ ಕರೆಯುವ ಹೆಂಗಸು. ಸೆರಗು ಸರಿಸುತ್ತಾ ಕೇಳಿದರು.

“ನೀವೂ ಹಾಕುಸ್ಕೊಂಡ್ರಾ ಸಿಸ್ಟ್ರೇ?”

“ಹೂಂ, ಆಯ್ತು.”

“ಜ್ವರ ಗಿರ ಬಂದಿತ್ತಾ?”

ಬಂದಿತ್ತು. ರಾತ್ರಿಯಿಡೀ ಚಳಿ, ಮೈಕೈ ನೋವು. ಮಾರನೇ ದಿನ ರಜೆ ಹಾಕಿ ಮಲಗಿದ್ದೆ. ಪಕ್ಕದಲ್ಲಿ ಕೂತಿದ್ದ ಆಶಾ ಕಾರ್ಯಕರ್ತೆಗೆ ಇದೆಲ್ಲ ಗೊತ್ತು. ಮೀಟಿಂಗಿನಲ್ಲಿ ಮೇಲಿನವರು “ಜ್ವರದ ವಿಷಯ ಜಾಸ್ತಿ ಎತ್ತಬೇಡಿ, ಕವರೇಜ್ ಬೀಳುತ್ತೆ” ಅಂದಿದ್ದರು. ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾಲಿಗೆ ನನ್ನದೇ ಅಲ್ವಾ.

“ಇಲ್ಲಮ್ಮ, ಏನೂ ಆಗಲ್ಲ” ಅಂದೆ.

ಮಗುವಿಗೆ ಪೆಂಟಾ ಲಸಿಕೆ ಹಾಕುವಾಗ “ರಾತ್ರಿ ಜ್ವರ ಬರುತ್ತೆ, ಗಾಬರಿ ಆಗ್ಬೇಡ” ಅಂತ ತಾಯಿಗೆ ಹೇಳದೆ ಕಳಿಸಿದವಳಲ್ಲ ನಾನು. ಲಸಿಕೆ ಹಾಕಿದಾಗ ಹೇಳಲೇಬೇಕಾದ ನಾಲ್ಕು ಸಂದೇಶ ನಿದ್ದೆಯಲ್ಲೂ ಬಾಯಿಗೆ ಬರುತ್ತವೆ. ಕಸ ಗುಡಿಸುವವರ ಮುಂದೆ ಮಾತ್ರ ಯಾಕೆ ನುಂಗಿಕೊಂಡೆ? ಹೇಳಿದರೆ ಎದ್ದು ಓಡಿಹೋಗುತ್ತಾರೆ ಅಂದುಕೊಂಡಿದ್ದೆ. ಅಷ್ಟೇ.

ಬುಧವಾರ ಪುರಸಭೆಯ ಗುಮಾಸ್ತರೊಬ್ಬರು ಬಂದರು. ಒಬ್ಬರಿಗೋಸ್ಕರ ವಯಲ್ ಒಡೆಯಲು ಕೈ ಬರಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿದೆ. “ಹತ್ತು ಜನ ಹೊರಟ್ರು ಮೇಡಂ, ದಾರೀಲವ್ರೆ.” ಒಡೆದೆ. ಹತ್ತು ಡೋಸ್, ಒಡೆದ ನಾಲ್ಕು ಗಂಟೆಯೊಳಗೆ ಮುಗಿಸಬೇಕು.

11.15. ಯಾರೂ ಇಲ್ಲ. 11.40. ಮೇಸ್ತ್ರಿ ಫೋನ್ ಎತ್ತಲಿಲ್ಲ. ಗುಮಾಸ್ತರ ಅರ್ಧ ಗಂಟೆಯ ಅಬ್ಸರ್ವೇಶನ್ ಮುಗಿದು ಅವರೂ ಹೋದರು. ಖಾಲಿ ಕುರ್ಚಿಗಳು, ಟೇಬಲ್ ಮೇಲೆ ಬಿಚ್ಚದ, ಒಂದೇ ಸಲ ಬಳಸುವ ಎಡಿ ಸಿರಿಂಜ್‌ಗಳು. ಲಸಿಕೆ ತಣ್ಣಗಿಡುವ ಕ್ಯಾರಿಯರ್ ಮುಚ್ಚಳ ತೆಗೆಯಬಾರದು ಅಂತ ಗೊತ್ತಿದ್ದೂ ತೆಗೆದು ಆ ಒಂದು ವಯಲ್ ನೋಡಿದೆ. 12ಕ್ಕೆ ಜೊತೆಯವಳನ್ನು ಕೂರಿಸಿ, ಆಶಾ ಜೊತೆ ಕಾಲೋನಿಗೆ ನಡೆದೆ.

ಬೆಳಗಿನ ಕೆಲಸ ಮುಗಿಸಿ ಹೆಂಗಸರು ಜಗಲಿ ಮೇಲೆ ಕೂತಿದ್ದರು. ದಾರಿಯುದ್ದಕ್ಕೂ ಭಾಷಣ ರೆಡಿ ಮಾಡಿಕೊಂಡು ಹೋಗಿದ್ದೆ. ಮಕ್ಕಳಾಗಲ್ಲ ಅನ್ನೋದು ಸುಳ್ಳು, ಸತ್ತುಹೋಗ್ತಾರೆ ಅನ್ನೋದು ಸುಳ್ಳು, ವಾಟ್ಸಾಪ್ ನಂಬಬೇಡಿ. ಶುರುವೂ ಮಾಡಿದೆ. ಒಬ್ಬ ಹುಡುಗಿ ಬಟನ್ ಫೋನ್ ಎತ್ತಿ ತೋರಿಸಿದಳು. “ಇದ್ರಾಗೆ ವಾಟ್ಸಾಪ್ ಎಲ್ಲೈತೆ ಸಿಸ್ಟ್ರೇ?”

ದೊಡ್ಡಮ್ಮ ನಗಲಿಲ್ಲ. “ಏನೂ ಆಗಲ್ಲ ಅಂದ್ರಲ್ಲ. ಮಂಗಳವಾರ ಏಳಕ್ಕೇ ಆಗ್ನಿಲ್ಲ. ಹಾಜರಿ ಹೋಯ್ತು.”

ಅವರೊಬ್ಬರದೇ ಅಲ್ಲ. ಆರು ಜನರ ಹಾಜರಿ ಹೋಗಿತ್ತು. ಗುತ್ತಿಗೆಯವರಿಗೆ ಜ್ವರದ ರಜೆ ಎಲ್ಲಿಂದ ಬರಬೇಕು? ಇಂಜೆಕ್ಷನ್ ಇಲ್ಲದಿದ್ರೆ ಹಾಜರಿ ಹಾಕಲ್ಲ ಅಂತ ಮೇಸ್ತ್ರಿ ಮೊದಲೇ ಹೆದರಿಸಿದ್ದನಂತೆ. ಆ ಹುಡುಗಿ ಲೆಕ್ಕ ಒಪ್ಪಿಸಿದಳು. “ಹಾಕುಸ್ಕೊಳ್ದಿದ್ರೂ ಹಾಜರಿ ಇಲ್ಲ, ಹಾಕುಸ್ಕೊಂಡು ಮಲಗುದ್ರೂ ಹಾಜರಿ ಇಲ್ಲ.”

“ನನಗೂ ಬಂದಿತ್ತು” ಅಂದೆ. ಆಶಾ ನೆಲ ನೋಡುತ್ತಿದ್ದಳು.

“ಮತ್ತೆ ಅವತ್ತು ಯಾಕಂಗಂದ್ರಿ?”

ಉತ್ತರ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಯಾರೂ ಬೈಯಲಿಲ್ಲ, ಸುಮ್ನೆ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮನೇ ಹೇಳಿದರು. “ಶನಿವಾರ ಮಧ್ಯಾಹ್ನ ಇಟ್ಕಳ್ಳಿ. ಭಾನ್ವಾರ ಅರ್ಧ ದಿನ ಕೆಲ್ಸ, ಹೆಂಗೋ ಆಯ್ತದೆ.”

ಯಾರಿಗೆ, ಎಲ್ಲಿ, ಯಾವಾಗ ಅನ್ನೋ ಮೈಕ್ರೋಪ್ಲ್ಯಾನ್ ಮಾಡಲು ನಾವು ಮೂರು ಮೀಟಿಂಗ್ ಮಾಡಿದ್ದೆವು. ವಾರವಿಡೀ ಕಸ ಎತ್ತುವವರಿಗೆ ಯಾವ ದಿನ ಅನುಕೂಲ ಅಂತ ಒಬ್ಬರೂ ಕೇಳಿರಲಿಲ್ಲ.

ಅವತ್ತು ಇಬ್ಬರು ಮಾತ್ರ ಜೊತೆಗೆ ಬಂದರು. 2.40ಕ್ಕೆ ಏಳು ಡೋಸ್ ವೇಸ್ಟ್. ತಾಲ್ಲೂಕು ಆರೋಗ್ಯಾಧಿಕಾರಿ (ಟಿಎಚ್‌ಒ) ಫೋನಿನಲ್ಲಿ ಹತ್ತು ನಿಮಿಷ ಉಗಿದರು. ರಿಪೋರ್ಟಿನಲ್ಲಿ ಕಾರಣದ ಕಾಲಂ ಇತ್ತು: ಭಯ, ತಪ್ಪು ಮಾಹಿತಿ, ಇತರೆ. ಕೂಲಿ ಅಂತ ಇರಲಿಲ್ಲ. ನರ್ಸ್ ಸುಳ್ಳು ಹೇಳಿದ್ದು ಅಂತಲೂ ಇರಲಿಲ್ಲ. ಇತರೆಗೆ ಟಿಕ್ ಹಾಕಿದೆ.

ಶನಿವಾರದ ಸೆಷನ್‌ಗೆ ಒಪ್ಪಿಸಲು ಆರ್ಡರ್ ತನ್ನಿ, ಲೆಟರ್ ತನ್ನಿ ಅಂತ ಇಬ್ಬರು ಆಫೀಸರ್‌ಗಳು ಓಡಾಡಿಸಿದರು. ಕೊನೆಗೆ ಹೆಲ್ತ್ ಇನ್‌ಸ್ಪೆಕ್ಟರ್, ಜ್ವರ ಬಂದವರ ಒಂದು ದಿನದ ಹಾಜರಿ ನಾನು ನೋಡಿಕೊಳ್ತೀನಿ ಅಂದರು. ಬರೀ ಬಾಯಿಮಾತು. ಆದರೂ 31 ಜನ ಬಂದರು. ಒಬ್ಬೊಬ್ಬರ ಕೈಗೂ ನಾಲ್ಕು ಪ್ಯಾರಾಸಿಟಮಾಲ್ ಕೊಟ್ಟು, ರಾತ್ರಿ ಜ್ವರ ಬರಬಹುದು ಅಂತ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಯಾರೂ ಎದ್ದು ಓಡಲಿಲ್ಲ.

ಸೋಮವಾರದವರ 28 ದಿನ ಮುಗಿದ ಮೇಲೆ, ಎರಡನೇ ಡೋಸನ್ನೂ ಮಾರ್ಚ್‌ನ ಒಂದು ಶನಿವಾರವೇ ಇಟ್ಟೆವು. ದೊಡ್ಡಮ್ಮ ಬಂದರು. ನಾನು ಬಾಯಿ ತೆಗೆಯುವ ಮುಂಚೆಯೇ, ಹಿಂದೆ ನಿಂತಿದ್ದ ಹೊಸಬಳ ಕಡೆ ತಿರುಗಿದರು.

“ರಾತ್ರಿ ಜ್ವರ ಬತ್ತದೆ, ಮಾತ್ರೆ ಕೇಳಿ ಇಸ್ಕೊ. ಈ ಸಿಸ್ಟ್ರು ಕೆಲವು ಸಲ ಹೇಳಲ್ಲ.”