ಮುಂಬೈಯಲ್ಲೊಂದು ವಿಜಯಪುರದ ಗುಮ್ಮಟ

ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಅದಕ್ಕೆ ಹೊಂದಿಕೊಂಡಂತೆಯೇ ಇರುವ ಪ್ರಧಾನ ಅಂಚೆ ಕಚೇರಿಯನ್ನು ತಲೆಯೆತ್ತಿ ನೋಡುವವರು ಕಡಿಮೆ. ಎಲಿಫೆಂಟಾ, ಮರೀನ್ ಡ್ರೈವ್, ಜುಹುಗಳನ್ನು ನಾವೂ ನೋಡಿದೆವು. ಆದರೆ ಗೋಳಗುಮ್ಮಟದ ಊರಿನಲ್ಲಿ ಬೆಳೆದ ನನ್ನ ಮನಸ್ಸಿನಲ್ಲಿ ನಿಂತದ್ದು ಈ ಅಂಚೆ ಕಚೇರಿ.

ವಾಸ್ತುಶಿಲ್ಪಿ ಜಾನ್ ಬೆಗ್ ವಿನ್ಯಾಸ ಮಾಡಿದ ಈ ಕಟ್ಟಡದ ಕೆಲಸ 1904ರಲ್ಲಿ ಆರಂಭವಾಗಿ 1913ರಲ್ಲಿ ಮುಗಿಯಿತು. ಪಕ್ಕದ ರೈಲು ನಿಲ್ದಾಣ ಆ ಹೊತ್ತಿಗಾಗಲೇ ಗಾಥಿಕ್ ಶೈಲಿಯ ವೈಭವದಲ್ಲಿ ಎದ್ದು ನಿಂತಿದ್ದರೂ ಬೆಗ್ ಅದರ ದಾರಿ ಹಿಡಿಯದೆ, ಆದಿಲ್‌ಶಾಹಿಗಳ ವಿಜಯಪುರದ ಕಡೆಗೆ ನೋಡಿ, ಗೋಳಗುಮ್ಮಟವನ್ನು ಮಾದರಿಯಾಗಿ ಇಟ್ಟುಕೊಂಡರು. ಕರಿಗಲ್ಲಿನ ಗೋಡೆಗಳಿಗೆ ಕುರ್ಲಾದ ಹಳದಿ ಕಲ್ಲು ಮತ್ತು ಧ್ರಾಂಗಧ್ರದ ಬಿಳಿ ಕಲ್ಲಿನ ಅಲಂಕಾರವಿದೆ. ನಿಲ್ದಾಣದ ಕೆತ್ತನೆ ನನ್ನ ಕಣ್ಣಿಗೆ ಅತಿಯೆನಿಸಿತು. ಇಲ್ಲಿನ ಗಾಂಭೀರ್ಯ ಹಿಡಿಸಿತು.

ಒಳಗೆ ಕಾಲಿಟ್ಟಾಗ ನಾನು ಮಾತು ನಿಲ್ಲಿಸಿದೆ. ಗುಮ್ಮಟದ ವ್ಯಾಸ ಸುಮಾರು 65 ಅಡಿ, ಅಂದರೆ ಗೋಳಗುಮ್ಮಟದ ಒಳವ್ಯಾಸದ ಅರ್ಧದಷ್ಟು. ನಮ್ಮೂರಿನ ಗುಮ್ಮಟದ ಅಡಿಯಲ್ಲಿ ಮುಹಮ್ಮದ್ ಆದಿಲ್‌ಶಾಹನ ಗೋರಿಯಿದೆ, ಪ್ರವಾಸಿಗರ ಕೂಗು, ಚಪ್ಪಾಳೆಗಳ ಮಾರ್ದನಿಯಿದೆ. ಇಲ್ಲಿ ಸ್ಪೀಡ್ ಪೋಸ್ಟಿಗೆ ಸಾಲುಗಟ್ಟಿದವರು, ಉಳಿತಾಯ ಖಾತೆಯ ಪುಸ್ತಕ ಹಿಡಿದ ಹಿರಿಯರು, ಮೊಹರು ಬೀಳುವ ಸದ್ದು. ನೂರು ವರ್ಷ ದಾಟಿದ ಮೇಲೂ ಕಟ್ಟಿಸಿದ ಉದ್ದೇಶಕ್ಕೇ ದಿನವೂ ಬಳಕೆಯಾಗುತ್ತಿರುವ ಪಾರಂಪರಿಕ ಕಟ್ಟಡವನ್ನು ಕಂಡು ನನಗೆ ತುಂಬ ಸಂತೋಷವಾಯಿತು.

ಕೊಂಡ ಪುಸ್ತಕಗಳನ್ನು ಊರಿಗೆ ಕಳುಹಿಸಬೇಕಿತ್ತು. ಹೊರಗೆ ಪಾದಚಾರಿ ಮಾರ್ಗದ ಮೇಲೆ ಪಾರ್ಸೆಲ್ ಹೊಲಿಯುವ ಹಿರಿಯರೊಬ್ಬರು ಕುಳಿತಿದ್ದರು. ಬಿಳಿ ಬಟ್ಟೆ ಸುತ್ತಿ, ದಬ್ಬಳದಿಂದ ಅಂಚು ಹೊಲಿಯುತ್ತಿದ್ದವರು ನಾನು ಕೊಟ್ಟ ವಿಳಾಸ ಓದಿ ಕೈ ತಡೆದರು.

"ವಿಜಾಪುರದವರೇನ್ರಿ? ನಮ್ದು ಇಂಡಿ ತಾಲ್ಲೂಕರಿ," ಎಂದರು.

1972ರ ಬರಗಾಲದಲ್ಲಿ ತಂದೆಯ ಕೈ ಹಿಡಿದು ಮುಂಬೈಗೆ ಬಂದ ಹುಡುಗ ಅವರು. ತಂದೆ ಬಂದರಿನಲ್ಲಿ ಮೂಟೆ ಹೊತ್ತರಂತೆ. "ಗಾಡಿ ಇಳದು ಹೊರಗ ಬಂದ್ರ ಮಂದಿ ನೋಡಿ ಅಂಜಿಕಿ ಬಂದಿತ್ತು. ಅಪ್ಪ ಈ ಗುಮ್ಮಟ ತೋರಿಸಿ, ‘ನೋಡಲೇ, ನಮ್ಮೂರಿಂದು ಇಲ್ಲಿಗೂ ಬಂದೈತಿ’ ಅಂದ. ಅವತ್ತಿಂದ ಇದರ ಬುಡದಾಗೇ ಅದೀನ್ರಿ."

ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಹತ್ತಿದ್ದೀರಾ ಎಂದು ಕೇಳಿದೆ.

"ಇಲ್ರಿ. ಸಣ್ಣಾವಿದ್ದಾಗ ಬಂಡ್ಯಾಗ ಕುಂತು ದೂರಿಂದ ನೋಡಿದ್ದಷ್ಟ. ಒಂದ್ಸಲ ಕೂಗಿದ್ರ ಏಳ್ ಸಲ ಕೇಳ್ತೈತಂತ, ಖರೇ ಏನ್ರಿ?"

ಖರೇ ಎಂದೆ. ಗದ್ದಲ ಶುರುವಾಗುವ ಮೊದಲು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಿದರೆ ಎದುರು ಗೋಡೆಯ ಬಳಿ ಹೇಳಿದ ಪಿಸುಮಾತೂ ಕಿವಿಯ ಹತ್ತಿರವೇ ಆಡಿದಂತೆ ಕೇಳುತ್ತದೆ ಎಂದು ವಿವರಿಸಿದೆ. ಅವರು ಹೊಲಿಗೆ ಬಿಟ್ಟು ಕೇಳಿದರು. ಮೆಟ್ಟಿಲು ಎಷ್ಟು ಕಡಿದಾಗಿವೆ, ವಯಸ್ಸಾದವರು ಹತ್ತಬಹುದೇ, ಈಗ ಇಂಡಿಯಿಂದ ಬಸ್ಸು ಗುಮ್ಮಟದ ಹತ್ತಿರ ನಿಲ್ಲುತ್ತದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿ ಕೊಟ್ಟಾಗ ಹಣ ಬೇಡವೆಂದರು, ಬಲವಂತದಿಂದ ಕೊಟ್ಟೆ.

ಒಂದು ಎಚ್ಚರಿಕೆ ಹೇಳಲೇಬೇಕು. ಇದಕ್ಕೆ ಮುಂಚೆ ಹಣ ತೆತ್ತು ಸೇರಿದ್ದ ಪಾರಂಪರಿಕ ನಡಿಗೆಯೊಂದರಲ್ಲಿ ಮಾರ್ಗದರ್ಶಿ ರಸ್ತೆಯ ಆಚೆಯಿಂದಲೇ ಈ ಕಟ್ಟಡದತ್ತ ಬೆರಳು ತೋರಿಸಿ, ಅರೆನಿಮಿಷದಲ್ಲಿ ಎಲ್ಲರನ್ನೂ ಮುಂದಕ್ಕೆ ಕರೆದೊಯ್ದಿದ್ದ. ಬೆಗ್ ಹೆಸರನ್ನಾಗಲಿ, ವಿಜಯಪುರದ ಹೆಸರನ್ನಾಗಲಿ ಅವನು ಎತ್ತಲಿಲ್ಲವೆಂಬ ಬೇಸರ ಈಗಲೂ ಹೋಗಿಲ್ಲ. ಆದ್ದರಿಂದ ಕೆಲಸದ ದಿನ, ಕೌಂಟರುಗಳು ತೆರೆದಿರುವ ಹೊತ್ತಿನಲ್ಲಿ, ನೀವೇ ಹೋಗಿ. ಕಳುಹಿಸಲು ಒಂದು ಪತ್ರವನ್ನಾದರೂ ಬರೆದುಕೊಂಡು ಹೋದರೆ ಸಾಲಿನಲ್ಲಿ ನಿಂತು ಗುಮ್ಮಟವನ್ನು ನಿಧಾನವಾಗಿ ನೋಡಬಹುದು. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದ ಗುಮ್ಮಟಕ್ಕೂ ಗೋಳಗುಮ್ಮಟವೇ ಸ್ಫೂರ್ತಿ. ಅದನ್ನು ವಿನ್ಯಾಸ ಮಾಡಿದವರು ಜಾರ್ಜ್ ವಿಟೆಟ್. ಉದ್ಯಾನದ ನಡುವಿನ ಆ ಕಟ್ಟಡ ಹೆಚ್ಚು ಚೆಲುವಾಗಿದೆ, ಒಪ್ಪುತ್ತೇನೆ. ಆದರೂ ವಿಜಯಪುರದವರಿಗೆ ಸಮಯವಿರುವುದು ಒಂದಕ್ಕೆ ಮಾತ್ರವಾದರೆ ಅಂಚೆ ಕಚೇರಿಗೇ ಹೋಗಿರೆಂದು ಹೇಳುತ್ತೇನೆ.